ಯಾರು ಹೋಗಿ ಅಳೆದು ಬಂದರು?

ನಮ್ಮ ವಾಚನಾಲಯದ ಮೇಜಿನ ಮೇಲಿದ್ದ ಪತ್ರಿಕೆಯೊಂದರಲ್ಲಿ ಆಕಾಶದ ನಕಾಶೆ ಅಚ್ಚಾಗಿತ್ತು. ಬೀಸಣಿಗೆಯ ಆಕಾರದ ಚಿತ್ರ. ಅದರ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಗೆಲಾಕ್ಸಿ, ಅಂದರೆ ಕೋಟ್ಯಂತರ ನಕ್ಷತ್ರಗಳ ಒಂದೊಂದು ನಗರ, ಎಂದು ಕೆಳಗೆ ಬರೆದಿತ್ತು. ಅಂಚಿನಲ್ಲಿ ದೂರದ ಅಳತೆ, ಕೋಟಿ ಕೋಟಿ ಜ್ಯೋತಿರ್ವರ್ಷಗಳಲ್ಲಿ. ಹೋಟೆಲೊಂದರ ಲೆಕ್ಕ ಬರೆಯುವ ನಮ್ಮ ಸದಸ್ಯರೊಬ್ಬರು ಅದನ್ನು ಬಹಳ ಹೊತ್ತು ನೋಡಿ, ಕನ್ನಡಕ ತೆಗೆದು, "ಅಲ್ಲ ಸ್ವಾಮಿ, ಇಷ್ಟು ದೂರ ಅಂತ ಬರೆದುಬಿಟ್ಟಿದ್ದಾರಲ್ಲ, ಯಾರು ಹೋಗಿ ಅಳೆದು ಬಂದರು?" ಎಂದು ಕೇಳಿದರು. ಪಕ್ಕದಲ್ಲಿದ್ದವರು ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ವೋಚರಿಲ್ಲದೆ ಒಂದು ರೂಪಾಯಿಯನ್ನೂ ಖರ್ಚಿಗೆ ಹಾಕದವರು ಕೇಳಲೇಬೇಕಾದ ಪ್ರಶ್ನೆ. ಆ ನಕಾಶೆಯ ವೋಚರುಗಳು ಎಲ್ಲಿವೆ, ಅವನ್ನು ನಂಬಬಹುದೆ ಎಂಬುದನ್ನು ನನಗೆ ತಿಳಿದಮಟ್ಟಿಗೆ ಇಲ್ಲಿ ಹೇಳುತ್ತೇನೆ.

ಉತ್ತರ ಹುಡುಕುತ್ತ ಅಮೆರಿಕಕ್ಕೆ ಹೋಗುವ ಮೊದಲು ತುಂಬಕ್ಕೆ ಹೋಗಿಬರೋಣ. ನಮಗದು ಬಸ್ಸಿನ ದಾರಿ. 1963ನೆಯ ಇಸವಿ ನವೆಂಬರ್ 21ರ ಸಂಜೆ 6 ಗಂಟೆ 25 ನಿಮಿಷಕ್ಕೆ ಅಲ್ಲಿನ ಕಡಲತೀರದಿಂದ ನೈಕಿ-ಅಪಾಚಿ ಎಂಬ ಅಮೆರಿಕದ ರಾಕೆಟ್ಟೊಂದು ಮೇಲೇರಿತು. ಭಾರತದ ನೆಲದಿಂದ ಬಾಹ್ಯಾಕಾಶ ಸಂಶೋಧನೆಗೆಂದು ಹಾರಿದ ಮೊದಲ ರಾಕೆಟ್ಟು ಅದು. ಭೂಮಿಯ ಕಾಂತ ವಿಷುವದ್ರೇಖೆ ಈ ಊರಿನ ಹತ್ತಿರವೇ ಹಾದುಹೋಗುತ್ತದೆ. ವಿಕ್ರಮ್ ಸಾರಾಭಾಯಿ ಮತ್ತು ಅವರ ಸಂಗಡಿಗರು ಬೆಸ್ತರ ಈ ಹಳ್ಳಿಯನ್ನು ಆರಿಸಿದ್ದಕ್ಕೆ ಅದೇ ಕಾರಣ. ಸಂತ ಮೇರಿ ಮಗ್ದಲೇನಳ ಇಗರ್ಜಿಯೇ ವಿಜ್ಞಾನಿಗಳಿಗೆ ಕಚೇರಿಯೂ ಕಾರ್ಖಾನೆಯೂ ಆಯಿತು. ಆ ಇಗರ್ಜಿ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯವಾಗಿದೆ.

ರಾಕೆಟ್ಟಿನ ತಲೆಯಲ್ಲಿ ಫ್ರಾನ್ಸಿನಿಂದ ತಂದ ಸೋಡಿಯಂ ಇತ್ತು. ಮೇಲೇರಿದಂತೆ ಅದು ಆವಿಯಾಗಿ ಹೊರಬಿದ್ದು ಮೋಡದಂತೆ ಹರಡಿತು. ನೆಲದಲ್ಲಿ ಕತ್ತಲೆ ಕವಿಯುತ್ತಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿತ್ತು. ಆ ಬಿಸಿಲಿಗೆ ಸೋಡಿಯಂ ಆವಿ ಕಿತ್ತಳೆ ಬಣ್ಣಕ್ಕೆ ಹೊಳೆಯಿತು. ನಮ್ಮ ಲೆಕ್ಕಿಗರ ಪ್ರಶ್ನೆಗೆ ಬೇಕಾದ ಎರಡು ಸಂಗತಿಗಳೂ ಆ ಒಂದು ಮೋಡದಲ್ಲಿಯೇ ಇವೆ.

ಮೊದಲನೆಯದು ಅದರ ಸ್ಥಾನ. ಒಂದೇ ಕಡೆ ನಿಂತು ನೋಡಿದವನಿಗೆ ಮೋಡ ಯಾವ ದಿಕ್ಕಿನಲ್ಲಿದೆ ಎಂದು ತಿಳಿಯುತ್ತದೆ. ಎಷ್ಟು ದೂರದಲ್ಲಿದೆ ಎಂದು ತಿಳಿಯುವುದಿಲ್ಲ. ಆದ್ದರಿಂದ ಇಂಥ ಪ್ರಯೋಗಗಳಲ್ಲಿ ಒಂದಕ್ಕೊಂದು ದೂರವಿರುವ ಠಾಣೆಗಳಿಂದ ಒಂದೇ ಹೊತ್ತಿಗೆ ಫೋಟೋ ತೆಗೆಯುವುದು ಕ್ರಮ. ಒಂದು ಠಾಣೆಯ ಚಿತ್ರದಲ್ಲಿ ಮೋಡ ಒಂದು ನಕ್ಷತ್ರದ ಪಕ್ಕದಲ್ಲಿ ಕಂಡರೆ, ಇನ್ನೊಂದು ಠಾಣೆಯ ಚಿತ್ರದಲ್ಲಿ ಬೇರೊಂದು ನಕ್ಷತ್ರದ ಪಕ್ಕದಲ್ಲಿ ಕಾಣುತ್ತದೆ. ಆ ವ್ಯತ್ಯಾಸದಿಂದ ತ್ರಿಕೋನ ಕಟ್ಟಿ ಎತ್ತರವನ್ನೂ, ಮೋಡ ಸರಿದ ರೀತಿಯಿಂದ ಅಲ್ಲಿ ಬೀಸುವ ಗಾಳಿಯ ವೇಗವನ್ನೂ ಲೆಕ್ಕಹಾಕುತ್ತಾರೆ. ಕೈ ಮುಂದೆ ಚಾಚಿ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿದರೆ ಎದುರು ಗೋಡೆಯ ಮೇಲೆ ಅದು ಕುಪ್ಪಳಿಸಿದಂತೆ ಕಾಣುತ್ತದಲ್ಲ, ಅದೇ ಉಪಾಯ.

ನಕ್ಷತ್ರಗಳಿಗೂ ಈ ಉಪಾಯ ನಡೆಯುತ್ತದೆ. ಆದರೆ ಎರಡು ಕಣ್ಣುಗಳ ನಡುವಿನ ಅಂತರ ಬಹಳ ದೊಡ್ಡದಿರಬೇಕು. ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ನೋಡಿದರೆ ಅಷ್ಟರಲ್ಲಿ ಭೂಮಿ ಸೂರ್ಯನ ಈಚೆ ಬದಿಯಿಂದ ಆಚೆ ಬದಿಗೆ ಹೋಗಿರುತ್ತದೆ; ಕಣ್ಣುಗಳ ನಡುವೆ 30 ಕೋಟಿ ಕಿಲೋಮೀಟರಿನ ಅಂತರ ಸಿಕ್ಕಂತಾಯಿತು. 1838ರಲ್ಲಿ ಜರ್ಮನಿಯ ಬೆಸೆಲ್ ಒಂದು ನಕ್ಷತ್ರದ ದೂರವನ್ನು ಹೀಗೆ ಅಳೆದು ಪ್ರಕಟಿಸಿದನು. 2013ರಲ್ಲಿ ಹಾರಿದ ಯುರೋಪಿನ ಗಾಯಾ ನೌಕೆ 2025ರ ಆರಂಭದವರೆಗೆ ದುಡಿದು ನಮ್ಮ ಆಕಾಶಗಂಗೆಯ ನೂರು ಕೋಟಿಗೂ ಮೀರಿದ ನಕ್ಷತ್ರಗಳಿಗೆ ಇದೇ ಅಳತೆಗೋಲನ್ನು ಹಿಡಿಯಿತು. ಗೆಲಾಕ್ಸಿಗಳ ಮಾತು ಬಂದಾಗ ಮಾತ್ರ ಉಪಾಯ ಕೈಕೊಡುತ್ತದೆ. ಭೂಮಿ ಎಷ್ಟು ಸುತ್ತಿದರೂ ಅವು ಕದಲಿದಂತೆ ಕಾಣುವುದೇ ಇಲ್ಲ. ಅಷ್ಟು ದೂರ ಅವು.

ರಾತ್ರಿ ಶಂಖುಮುಖದ ಮರಳಿನ ಮೇಲೆ ಕೂತು ಕಡಲಿನ ಕಡೆ ನೋಡಿದವರಿಗೆ ಈ ಕಷ್ಟದ ರುಚಿ ಗೊತ್ತು. ಕತ್ತಲಲ್ಲಿ ಹತ್ತಾರು ದೀಪಗಳು ಮಿಣುಗುತ್ತವೆ. ಹತ್ತಿರದ ದೋಣಿಯ ಸಣ್ಣ ದೀಪವೋ, ದಿಗಂತದಾಚೆ ಕೊಚ್ಚಿಗೆ ಹೊರಟ ಹಡಗಿನ ದೊಡ್ಡ ದೀಪವೋ ಹೇಳಲಾಗದು. ಎಲ್ಲವೂ ಒಂದೇ ಕರಿಯ ಬಟ್ಟೆಗೆ ಅಂಟಿಸಿದ ಹಾಗೆ ಕಾಣುತ್ತವೆ. ಆಕಾಶದ ಫೋಟೋ ಎಂದರೆ ಅಂಥದೇ ಬಟ್ಟೆ. ಉದ್ದ ಇದೆ, ಅಗಲ ಇದೆ, ಆಳ ಇಲ್ಲ.

ಆ ದೀಪಗಳಲ್ಲಿ ಒಂದರ ನಿಜವಾದ ಬಲ ಇಷ್ಟು ಎಂದು ಯಾರಾದರೂ ಹೇಳಿಬಿಟ್ಟರೆ ಕೆಲಸ ಸುಲಭ. ಕಣ್ಣಿಗೆ ಎಷ್ಟು ಮಂಕಾಗಿ ಕಾಣುತ್ತದೆಯೋ ಅದರಿಂದ ದೂರವನ್ನು ಲೆಕ್ಕಹಾಕಬಹುದು. ಆಕಾಶದಲ್ಲಿ ಅಂಥ ದೀಪವನ್ನು ಗುರುತಿಸಿಕೊಟ್ಟವರು ಒಬ್ಬ ಗುಮಾಸ್ತೆ ಎಂದರೆ ತಪ್ಪಾಗದು. ಹಾರ್ವರ್ಡ್ ವೀಕ್ಷಣಾಲಯದಲ್ಲಿ ಗಾಜಿನ ಫೋಟೋ ಫಲಕಗಳನ್ನು ನೋಡಿ ನಕ್ಷತ್ರಗಳ ಪ್ರಕಾಶವನ್ನು ದಾಖಲು ಮಾಡುವ ಕೆಲಸಕ್ಕೆ ಹೆಂಗಸರನ್ನು ನೇಮಿಸುತ್ತಿದ್ದರು. ಅವರಲ್ಲಿ ಹೆನ್ರಿಯೆಟ್ಟಾ ಲೆವಿಟ್ ಎಂಬಾಕೆಯ ಕೂಲಿ ಗಂಟೆಗೆ 30 ಸೆಂಟ್. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೆಲವು ನಕ್ಷತ್ರಗಳು ದಿನಗಳ ಲೆಕ್ಕದಲ್ಲಿ ಉಜ್ವಲವಾಗುತ್ತ ಮಂಕಾಗುತ್ತ ಇರುತ್ತವೆ. ಅವುಗಳಲ್ಲಿ ಹೆಚ್ಚು ನಿಧಾನವಾಗಿ ಮಿಣುಕುವವು ಹೆಚ್ಚು ಬಲದ ದೀಪಗಳು ಎಂಬ ನಿಯಮವನ್ನು ಆಕೆ 1912ರಲ್ಲಿ ತೋರಿಸಿದರು. ಮಿಣುಕುವ ಕಾಲ ಗೊತ್ತಾದರೆ ದೀಪದ ಬಲ ಗೊತ್ತಾಯಿತು, ಬಲ ಗೊತ್ತಾದರೆ ದೂರ ಗೊತ್ತಾಯಿತು. 1923ರಲ್ಲಿ ಎಡ್ವಿನ್ ಹಬಲ್ ಇಂಥ ನಕ್ಷತ್ರವೊಂದನ್ನು ಆಂಡ್ರೊಮಿಡಾ ಎಂಬ ಮಸುಕು ಬೆಳಕಿನ ಚುಕ್ಕೆಯೊಳಗೆ ಕಂಡು, ಅದು ನಮ್ಮ ಆಕಾಶಗಂಗೆಯ ಹೊರಗಿರುವ ಬೇರೆಯೇ ಗೆಲಾಕ್ಸಿ ಎಂದು ಸಾಧಿಸಿದ. ಇಂದಿನ ಲೆಕ್ಕದಲ್ಲಿ ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಬೆಳಕು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಹಾಗೆ ಓಡಿ ಒಂದು ವರ್ಷದಲ್ಲಿ ಕ್ರಮಿಸುವ ದೂರವೇ ಒಂದು ಜ್ಯೋತಿರ್ವರ್ಷ. ಹಬಲನ ಹೆಸರು ಲೋಕಪ್ರಸಿದ್ಧ. ಲೆವಿಟರ ಹೆಸರು ಅಷ್ಟಾಗಿ ಯಾರಿಗೂ ತಿಳಿಯದು, 1921ರಲ್ಲಿಯೇ ತೀರಿಕೊಂಡರು.

ಆದರೆ ಇನ್ನೂ ದೂರಕ್ಕೆ ಹೋದರೆ ಗೆಲಾಕ್ಸಿಯೊಳಗಿನ ಒಂಟಿ ನಕ್ಷತ್ರ ಕಣ್ಣಿಗೆ ಸಿಗದು. ಇಡೀ ನಗರವೇ ಒಂದು ಮಸುಕು ಚುಕ್ಕೆ. ಇಲ್ಲಿ ತುಂಬದ ಮೋಡದ ಎರಡನೆಯ ಸಂಗತಿ ಉಪಯೋಗಕ್ಕೆ ಬರುತ್ತದೆ. ಅದು ಬಣ್ಣ.

ಹೋಟೆಲಿನ ಅಡಿಗೆಮನೆಯಲ್ಲಿ ಕೆಲಸ ಮಾಡಿದವರು ಇದನ್ನು ದಿನಾ ಕಂಡಿರುತ್ತಾರೆ. ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಯ ನೀಲಿ ಉರಿಯ ಮೇಲೆ ಬಿದ್ದರೆ ಉರಿ ತಟ್ಟನೆ ಹಳದಿಯಾಗುತ್ತದೆ. ಉಪ್ಪಿನಲ್ಲಿ ಸೋಡಿಯಂ ಇದೆ. ಬಿಸಿಯಾದ ಸೋಡಿಯಂ ಆ ಒಂದು ಹಳದಿಯನ್ನೇ ಬಿಡುತ್ತದೆ, ಬೇರೆ ಬಣ್ಣವನ್ನಲ್ಲ. ತುಂಬದ ಆಕಾಶದಲ್ಲಿ ಹೊಳೆದದ್ದೂ ಅದೇ ಬಣ್ಣ, ಬೀದಿಯ ಹಳೆಯ ಸೋಡಿಯಂ ದೀಪಗಳಲ್ಲಿದ್ದದ್ದೂ ಅದೇ. ಅದರ ಅಲೆಯ ಉದ್ದ 589 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ 589 ಪಾಲು. ತಿರುವನಂತಪುರದಲ್ಲಿ ಅಳೆದರೂ ಅಷ್ಟೆ, ಟಿಂಬಕ್ಟುವಿನಲ್ಲಿ ಅಳೆದರೂ ಅಷ್ಟೆ. ಎಲೆಯಡಿಕೆಗೆ ಹಚ್ಚುವ ಸುಣ್ಣದಲ್ಲಿರುವ ಕ್ಯಾಲ್ಸಿಯಂ ಧಾತುವಿಗೆ ನೇರಿಳೆಯ ಅಂಚಿನಲ್ಲಿ 393 ಮತ್ತು 397ರ ಹತ್ತಿರ ಜೋಡಿ ಗೆರೆಗಳು. ಒಂದೊಂದು ಧಾತುವಿಗೂ ಹೀಗೆ ಅಳಿಸಲಾಗದ ಹೆಬ್ಬೆಟ್ಟಿನ ಗುರುತಿದೆ. ಗೆಲಾಕ್ಸಿಯ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿ ಹರಡಿದರೆ, ಅದನ್ನು ರೋಹಿತ ಎನ್ನುತ್ತಾರೆ, ಅದರೊಳಗೆ ಈ ಗುರುತುಗಳು ಕಪ್ಪು ಗೆರೆಗಳಾಗಿ ಕಾಣಸಿಗುತ್ತವೆ.

ಕಾಣಸಿಗುತ್ತವೆ ನಿಜ, ಆದರೆ ಇರಬೇಕಾದ ಜಾಗದಲ್ಲಲ್ಲ. ಹೆಚ್ಚುಕಡಿಮೆ ಎಲ್ಲ ದೂರದ ಗೆಲಾಕ್ಸಿಗಳಲ್ಲಿಯೂ ಅವು ಕೆಂಪಿನ ಕಡೆಗೆ ಸರಿದಿರುತ್ತವೆ. ಅಮೆರಿಕದ ಸ್ಲೈಫರ್ 1912ರಿಂದ ಈ ಸರಿತವನ್ನು ಒಂದೊಂದಾಗಿ ಅಳೆಯತೊಡಗಿದ. ವಿಶ್ವ ಹಿಗ್ಗುತ್ತಿದೆ ಎಂಬುದು ಅದರ ಅರ್ಥ. ಕೇರಳದಲ್ಲಿ ರಬ್ಬರಿಗೆ ಬರವಿಲ್ಲ, ಆದ್ದರಿಂದ ಅದರ ದೃಷ್ಟಾಂತವನ್ನೇ ಕೊಡುತ್ತೇನೆ. ರಬ್ಬರು ಪಟ್ಟಿಯ ಮೇಲೆ ಶಾಯಿಯಲ್ಲಿ ಅಲೆಯನ್ನು ಬರೆದು ಪಟ್ಟಿಯನ್ನು ಎಳೆದರೆ ಅಲೆಯೂ ಉದ್ದವಾಗುತ್ತದೆ. ಬೆಳಕು ಹೊರಟ ಮೇಲೆ ಅದು ಬರುವ ದಾರಿಯೇ ಹಿಗ್ಗುತ್ತ ಹೋಗುತ್ತದೆ. ಬಹಳ ದಿನ ದಾರಿಯಲ್ಲಿದ್ದ ಬೆಳಕು ಹೆಚ್ಚು ಹಿಗ್ಗಿ ಹೆಚ್ಚು ಕೆಂಪಾಗಿ ಬಂದು ಸೇರುತ್ತದೆ. ಊರಿನಿಂದ ಬಂದ ಕಾಗದದ ಲಕೋಟೆ ಎಷ್ಟು ಸವೆದಿದೆ ಎಂದು ನೋಡಿ ಅದು ಎಷ್ಟು ದೂರ ಬಂದಿದೆ ಎಂದು ಹೇಳಿದ ಹಾಗೆ.

ಈ ಅಳತೆಯ ಹೆಣಗಾಟದಲ್ಲಿ ಹಬಲನ ಬಲಗೈಯಾಗಿದ್ದವನ ಕಥೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಮಿಲ್ಟನ್ ಹ್ಯೂಮಸನ್ ಹದಿನಾಲ್ಕನೆಯ ವಯಸ್ಸಿಗೆ ಶಾಲೆ ಬಿಟ್ಟವನು. ಮೌಂಟ್ ವಿಲ್ಸನ್ ಬೆಟ್ಟದ ಮೇಲೆ ವೀಕ್ಷಣಾಲಯ ಕಟ್ಟುವಾಗ ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ಹತ್ತುತ್ತಿದ್ದವನು. 1917ರಲ್ಲಿ ಅಲ್ಲಿಯೇ ಕಸಗುಡಿಸುವ ಜವಾನನ ಕೆಲಸಕ್ಕೆ ಸೇರಿದ. ರಾತ್ರಿ ಸಹಾಯಕ್ಕೆಂದು ದೂರದರ್ಶಕದ ಬಳಿ ನಿಲ್ಲುತ್ತ ನಿಲ್ಲುತ್ತ ಕೈ ಪಳಗಿ, ಎರಡು ವರ್ಷದಲ್ಲಿ ವಿಜ್ಞಾನಿಗಳ ಸಾಲಿಗೆ ಸೇರಿದ. ಒಂದು ಮಸುಕು ಗೆಲಾಕ್ಸಿಯ ರೋಹಿತ ಗಾಜಿನ ಫಲಕದ ಮೇಲೆ ಮೂಡಬೇಕಾದರೆ ಚಳಿಯಲ್ಲಿ ಒಂದೆರಡು ರಾತ್ರಿ ಪೂರ್ತಿ ದೂರದರ್ಶಕವನ್ನು ಗುರಿ ತಪ್ಪದಂತೆ ಹಿಡಿದಿರಬೇಕಾಗಿತ್ತು. ಹಬಲ್ 1929ರಲ್ಲಿ ಸಾರಿದ ನಿಯಮದ ಬೆನ್ನಿಗೆ ನಿಂತದ್ದು, ಮುಂದೆ ಅದನ್ನು ದೂರ ದೂರಕ್ಕೆ ಒಯ್ದದ್ದು ಹ್ಯೂಮಸನನ ಈ ರಾತ್ರಿಗಳೇ.

ನಿಯಮ ಸರಳ. ದೂರ ಹೆಚ್ಚಿದಷ್ಟೂ ಓಟದ ವೇಗ ಹೆಚ್ಚು. 10 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ ಸೆಕೆಂಡಿಗೆ ಸುಮಾರು 21½ ಕಿಲೋಮೀಟರಿನಂತೆ ದರ. ಈ ದರದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಜಗಳವಿದೆ. ಒಂದು ವಿಧಾನದವರು ಒಂದು ಕಿಲೋಮೀಟರ್ ಕಡಿಮೆ ಹೇಳಿದರೆ ಇನ್ನೊಂದು ವಿಧಾನದವರು ಒಂದು ಕಿಲೋಮೀಟರ್ ಜಾಸ್ತಿ ಹೇಳುತ್ತಾರೆ. ನಮ್ಮ ಕೆಲಸಕ್ಕೆ ಈ ದರ ಸಾಕು. ಗೆರೆ ಎಷ್ಟು ಸರಿದಿದೆ ನೋಡು, ವೇಗ ತಿಳಿ, ದರದಿಂದ ಭಾಗಿಸು, ದೂರ ಬಂತು. ಫೋಟೋ ಕೊಟ್ಟ ಉದ್ದ ಅಗಲಗಳಿಗೆ ರೋಹಿತ ಕೊಟ್ಟ ಆಳ ಸೇರಿತು. ಬಟ್ಟೆಯ ಮೇಲಿನ ಚುಕ್ಕೆ ಕೋಣೆಯೊಳಗಿನ ಹಣತೆಯಾಯಿತು. ನಮ್ಮ ಲೆಕ್ಕಿಗರು ಕೇಳಿದ ವೋಚರು ಎಂದರೆ ಈ ರೋಹಿತವೇ, ಒಂದೊಂದು ಗೆಲಾಕ್ಸಿಗೆ ಒಂದೊಂದು.

ಆದರೆ ವೋಚರು ಒಟ್ಟುಮಾಡುವ ಕೆಲಸ ಬಹಳ ನಿಧಾನ. ಹ್ಯೂಮಸನ್, ಮೆಯಾಲ್ ಮತ್ತು ಸ್ಯಾಂಡೇಜ್ 1956ರಲ್ಲಿ ತಮ್ಮ ಪಟ್ಟಿಯನ್ನು ಪ್ರಕಟಿಸಿದಾಗ ಅದರಲ್ಲಿ ಇದ್ದದ್ದು ಎಂಟುನೂರರಷ್ಟು ಗೆಲಾಕ್ಸಿಗಳು. ಅದು ಹಲವು ವರ್ಷಗಳ ದುಡಿಮೆ. 1986ರಲ್ಲಿ ಹಾರ್ವರ್ಡಿನ ಕಡೆಯ ಮೂವರು, ವಾಲೆರಿ ದ ಲಾಪರಾಂ, ಮಾರ್ಗರೆಟ್ ಗೆಲ್ಲರ್, ಜಾನ್ ಹಕ್ರಾ, ಆಕಾಶದ ಒಂದು ಕಿರಿದಾದ ಪಟ್ಟಿಯನ್ನು ಆರಿಸಿಕೊಂಡು ಅದರಲ್ಲಿನ ಸುಮಾರು 1,100 ಗೆಲಾಕ್ಸಿಗಳ ಆಳವನ್ನು ಗುರುತಿಸಿದರು. ಚಿತ್ರ ನೋಡಿ ಎಲ್ಲರೂ ಬೆರಗಾದರು. ಗೆಲಾಕ್ಸಿಗಳು ಹೊಲದಲ್ಲಿ ಎರಚಿದ ಬೀಜದಂತೆ ಎಲ್ಲ ಕಡೆಯೂ ಇರಲಿಲ್ಲ. ಬಟ್ಟೆ ಒಗೆಯುವ ಬಕೆಟ್ಟಿನ ಸೋಪಿನ ನೊರೆಯನ್ನು ಚಾಕುವಿನಿಂದ ಸೀಳಿದರೆ ಹೇಗಿರುತ್ತದೆಯೋ ಹಾಗಿತ್ತು: ನಡುನಡುವೆ ಕೋಟ್ಯಂತರ ಜ್ಯೋತಿರ್ವರ್ಷ ಅಗಲದ ಬರಿದಾದ ಗುಳ್ಳೆಗಳು, ಗುಳ್ಳೆಗಳ ಚರ್ಮದ ಮೇಲೆ ಮಾತ್ರ ಗೆಲಾಕ್ಸಿಗಳು. ಚಪ್ಪಟೆ ಫೋಟೋದಲ್ಲಿ ಇದು ಕಾಣುವಂತಿರಲಿಲ್ಲ, ಏಕೆಂದರೆ ಒಂದು ಗುಳ್ಳೆಯ ಹಿಂದೆ ಇನ್ನೊಂದರ ಚರ್ಮ ಬಂದು ಖಾಲಿ ಜಾಗವನ್ನು ಮುಚ್ಚಿಬಿಡುತ್ತದೆ.

2000ದಲ್ಲಿ ಆರಂಭವಾದ ಸ್ಲೋನ್ ಸಮೀಕ್ಷೆ ಈ ಕೆಲಸವನ್ನು ಕಾರ್ಖಾನೆಯ ಮಟ್ಟಕ್ಕೆ ತಂದಿತು. ಅಮೆರಿಕದ ನ್ಯೂ ಮೆಕ್ಸಿಕೋದ ಬೆಟ್ಟವೊಂದರ ಮೇಲೆ ಎರಡೂವರೆ ಮೀಟರ್ ಕನ್ನಡಿಯ ದೂರದರ್ಶಕ. ಮೊದಲು ಆಕಾಶದ ಫೋಟೋ ತೆಗೆದು ಬೇಕಾದ ಗೆಲಾಕ್ಸಿಗಳನ್ನು ಗುರುತು ಹಾಕಿಕೊಳ್ಳುವುದು. ಆಮೇಲೆ ದೊಡ್ಡ ಹರಿವಾಣದಂಥ ಅಲ್ಯೂಮಿನಿಯಂ ತಟ್ಟೆಯಲ್ಲಿ, ಗೆಲಾಕ್ಸಿಗಳ ಬಿಂಬ ಬೀಳುವ ಜಾಗಗಳಲ್ಲಿ ಕರಾರುವಾಕ್ಕಾಗಿ ತೂತು ಕೊರೆಯುವುದು. ಒಂದು ತಟ್ಟೆಗೆ 640 ತೂತು. ಹಗಲುಹೊತ್ತು ಕೆಲಸಗಾರರು ಕೂತು ಒಂದೊಂದು ತೂತಿಗೂ ಒಂದೊಂದು ಗಾಜಿನ ಎಳೆಯನ್ನು ಕೈಯಿಂದ ಸಿಕ್ಕಿಸುತ್ತಿದ್ದರು, ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು ತಂತಿ ಸಿಕ್ಕಿಸುತ್ತಿದ್ದಂತೆ. ಯಾವ ಎಳೆ ಯಾವ ತೂತಿಗೆ ಎಂಬ ಕಟ್ಟಳೆಯಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕುವುದು. ಕೊನೆಗೆ ಎಳೆಗಳ ಇನ್ನೊಂದು ತುದಿಯಿಂದ ಬೆಳಕು ಬಿಟ್ಟು ಯಾವುದು ಎಲ್ಲಿ ಬಂತು ಎಂದು ಪಟ್ಟಿ ಮಾಡಿಕೊಳ್ಳುವುದು. ಕೆಲಸ ಬಲ್ಲವರು ಮಾಡಿದ ಏರ್ಪಾಡು ಎಂದು ಇದರಿಂದಲೇ ತಿಳಿಯುತ್ತದೆ. ರಾತ್ರಿ ತಟ್ಟೆಯನ್ನು ದೂರದರ್ಶಕಕ್ಕೆ ಹೂಡಿದರೆ ಒಂದೇ ಬಾರಿಗೆ 640 ರೋಹಿತ. ಮುಂದೆ ತೂತುಗಳ ಸಂಖ್ಯೆ ಸಾವಿರಕ್ಕೆ ಏರಿತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಕೈಯಿಂದಲೇ ನಡೆಯಿತು. 2021ರಲ್ಲಿ ಅರಿಜೋನಾದ ಕಿಟ್ ಪೀಕ್ ಬೆಟ್ಟದಲ್ಲಿ ಆರಂಭವಾದ ಡೆಸಿ ಸಮೀಕ್ಷೆಯಲ್ಲಿ 5,000 ಎಳೆಗಳನ್ನು 5,000 ಪುಟ್ಟ ಯಂತ್ರಗಳೇ ತಿರುಗಿಸಿ ಕೂರಿಸುತ್ತವೆ. ಅಲ್ಲಿನ ದೂರದರ್ಶಕಕ್ಕೆ ಇರುವ ಹೆಸರು, ಆ ಎಂಟುನೂರರ ಪಟ್ಟಿಯಲ್ಲಿ ಪಾಲುದಾರನಾಗಿದ್ದ ಮೆಯಾಲನದು. 2025ರ ಮಾರ್ಚಿನಲ್ಲಿ ಡೆಸಿ ಬಿಡುಗಡೆ ಮಾಡಿದ ಮೊದಲ ಕಂತಿನಲ್ಲಿಯೇ 1 ಕೋಟಿ 87 ಲಕ್ಷ ಆಕಾಶಕಾಯಗಳ ರೋಹಿತಗಳಿದ್ದವು.

ಈಗ ನಮ್ಮ ಲೆಕ್ಕಿಗರು ಕೇಳಬೇಕಾದ ಎರಡನೆಯ ಪ್ರಶ್ನೆ. ವೋಚರು ಇದೆ ಸರಿ, ಅದರಲ್ಲಿ ಬರೆದದ್ದು ನಿಜವೆ? ಪೂರ್ತಿ ನಿಜವಲ್ಲ. ನಕಾಶೆ ಮಾಡಿದವರೇ ಇದನ್ನು ಒಪ್ಪುತ್ತಾರೆ. ವಿಶ್ವ ಹಿಗ್ಗುವುದರಿಂದ ಬಂದ ವೇಗದ ಜೊತೆಗೆ ಗೆಲಾಕ್ಸಿಗೆ ತನ್ನದೇ ಸ್ವಂತ ಓಡಾಟವೂ ಇರುತ್ತದೆ, ಸುತ್ತಲಿನವರ ಸೆಳೆತಕ್ಕೆ ಸಿಕ್ಕಿ. ರೋಹಿತದಲ್ಲಿ ಎರಡೂ ಕೂಡಿಯೇ ಬರುತ್ತವೆ. ಯಾವುದು ಎಷ್ಟು ಎಂದು ಬೇರೆ ಬರೆದಿರುವುದಿಲ್ಲ. ನಮ್ಮ ನೆರೆಯ ಆಂಡ್ರೊಮಿಡಾ ದೂರ ಹೋಗುವ ಬದಲು ಸೆಕೆಂಡಿಗೆ 300 ಕಿಲೋಮೀಟರಿನಂತೆ ನಮ್ಮ ಕಡೆಗೇ ಬರುತ್ತಿದೆ. ಕನ್ಯಾರಾಶಿಯ ದಿಕ್ಕಿನಲ್ಲಿ ಐದು ಕೋಟಿ ಜ್ಯೋತಿರ್ವರ್ಷ ದೂರದ ಗುಂಪಿನಲ್ಲಿರುವ ಕೆಲವು ಗೆಲಾಕ್ಸಿಗಳೂ ಹಾಗೆಯೇ. ದರದಿಂದ ಭಾಗಿಸುತ್ತ ಹೋದರೆ ಅವುಗಳ ದೂರ ಸೊನ್ನೆಗಿಂತ ಕಡಿಮೆ ಬರುತ್ತದೆ!

ದೊಡ್ಡ ಗುಂಪುಗಳೊಳಗೆ ಗೆಲಾಕ್ಸಿಗಳು ಸೆಕೆಂಡಿಗೆ ಸಾವಿರ ಕಿಲೋಮೀಟರಿನಷ್ಟು ವೇಗದಲ್ಲಿ ಅತ್ತಿತ್ತ ಓಡಾಡುತ್ತವೆ. ಸಾವಿರವನ್ನು 21½ರಿಂದ ಭಾಗಿಸಿ ನೋಡಿ: ನಕಾಶೆಯಲ್ಲಿ ನಾಲ್ಕೂವರೆ ಕೋಟಿ ಜ್ಯೋತಿರ್ವರ್ಷಕ್ಕೂ ಮೀರಿದ ತಪ್ಪು. ನಮ್ಮ ಕಡೆಗೆ ಓಡುತ್ತಿರುವುದು ಹತ್ತಿರದಲ್ಲಿರುವಂತೆ, ಆಚೆಗೆ ಓಡುತ್ತಿರುವುದು ದೂರದಲ್ಲಿರುವಂತೆ ದಾಖಲಾಗಿ, ದುಂಡನೆಯ ಗುಂಪು ಉದ್ದನೆಯ ಕೋಲಾಗಿ ಎಳೆಯಲ್ಪಡುತ್ತದೆ. ಆ 1986ರ ಚಿತ್ರದ ನಡುವೆ ಕೈಕಾಲು ಚಾಚಿ ನಿಂತ ಮನುಷ್ಯನಂಥ ಆಕೃತಿಯೊಂದಿದೆ. ಅವನ ಮುಂಡ ಎಂದರೆ ಹೀಗೆ ಎಳೆದುಹೋದ ಕೋಮಾ ಎಂಬ ಗೆಲಾಕ್ಸಿಗುಚ್ಛ. ಇಂಥ ಕೋಲುಗಳಿಗೆ ಖಗೋಲಜ್ಞರು 'ದೇವರ ಬೆರಳು' ಎಂದು ಹೆಸರಿಟ್ಟಿದ್ದಾರೆ. ಯಾವ ದಿಕ್ಕಿಗೆ ನೋಡಿದರೂ ಬೆರಳುಗಳೆಲ್ಲ ನಮ್ಮನ್ನೇ ತೋರಿಸುತ್ತವೆ. ಇಡೀ ವಿಶ್ವ ನಮ್ಮನ್ನು ಬೆರಳು ಮಾಡಿ ತೋರಿಸಲು ನಾವೇನು ಅಂಥ ದೊಡ್ಡವರೆ? ಹಾಗಾಗಿಯೇ ಇದು ವಸ್ತುವಿನ ಗುಣವಲ್ಲ, ಅಳತೆಯ ದೋಷ ಎಂದು ತಿಳಿಯುತ್ತದೆ. ಸೊಗಸೇನೆಂದರೆ ಈ ದೋಷವೂ ಪ್ರಯೋಜನಕ್ಕೆ ಬಂತು. ಗೆಲಾಕ್ಸಿಗಳು ಎಷ್ಟು ಜೋರಾಗಿ ಓಡಾಡುತ್ತವೆ ಎಂಬುದು ಅವನ್ನು ಸೆಳೆಯುವ ತೂಕ ಎಷ್ಟಿದೆ ಎಂಬುದನ್ನು ಹೇಳುತ್ತದೆ. ನಕಾಶೆ ಎಷ್ಟು ಸೊಟ್ಟಗಾಗಿದೆ ಎಂದು ಅಳೆದು ಕಣ್ಣಿಗೆ ಕಾಣದ ದ್ರವ್ಯವನ್ನು ತೂಗುವ ಗಣಿತವನ್ನು 1987ರಲ್ಲಿ ನಿಕ್ ಕೈಸರ್ ಕಟ್ಟಿಕೊಟ್ಟರು.

ಇನ್ನು ನಮ್ಮವರ ಕೆಲಸಕ್ಕೆ ಬರೋಣ. ಸ್ಲೋನ್ ಸಮೀಕ್ಷೆಯವರು ತಾವು ಅಳೆದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಿಲ್ಲ. ಕಂತುಕಂತಾಗಿ ಎಲ್ಲರಿಗೂ ಬಿಟ್ಟುಕೊಟ್ಟರು, ನಮ್ಮ ವಾಚನಾಲಯದ ಮೇಜಿನ ಮೇಲೆ ಪತ್ರಿಕೆಗಳನ್ನು ಹರವಿಟ್ಟ ಹಾಗೆ. ಚಂದಾ ಇಲ್ಲ, ಶಿಫಾರಸು ಇಲ್ಲ. ಆ ರಾಶಿಯೊಳಗೆ ಮೀನರಾಶಿಯ ದಿಕ್ಕಿನ ಒಂದು ಪಟ್ಟಿಯನ್ನು ಪುಣೆಯಲ್ಲಿ ಕೂತು ಓದಿದವರು ಅಲ್ಲಿನ ಖಗೋಲ ವಿಜ್ಞಾನದ ಅಂತರ ವಿಶ್ವವಿದ್ಯಾಲಯ ಕೇಂದ್ರದ ಜಯದೀಪ್ ಬಾಗ್ಚಿ ಮತ್ತು ಅವರ ಜೊತೆಯವರು. ಶಿಶಿರ್ ಸಾಂಖ್ಯಾಯನ್ ಆಗ ಪುಣೆಯ ಐಸರ್ ಸಂಸ್ಥೆಯ ಸಂಶೋಧನ ವಿದ್ಯಾರ್ಥಿ. ಜಮ್ಶೆಡ್‌ಪುರದಿಂದ ಪ್ರಕಾಶ್ ಸರ್ಕಾರ್. ಪುಣೆಯ ಕೇಂದ್ರದ ನಿರ್ದೇಶಕರಾಗಿದ್ದ ಸೋಮಕ್ ರಾಯಚೌಧರಿ ಮತ್ತು ಅಲ್ಲಿನವರೇ ಆದ ಪ್ರತೀಕ್ ದಾಭಾಡೆ. ಇನ್ನೊಬ್ಬರ ಊರು ಕೇಳಿದರೆ ಓದುಗರು ಕಿವಿ ನಿಮಿರಿಸಿಯಾರು. ಅವರು ಜೋ ಜೇಕಬ್, ಇದೇ ಕೇರಳದ ತೊಡುಪುಳದ ನ್ಯೂಮನ್ ಕಾಲೇಜಿನವರು. ಕೊಚ್ಚಿಯಿಂದ ಮೂನ್ನಾರಿಗೆ ಹೋಗುವ ಕಡೆ, ರಬ್ಬರು ತೋಟಗಳ ನಡುವಿನ ಊರದು.

2017ರ ಜುಲೈಯಲ್ಲಿ ಅವರು ಪ್ರಕಟಿಸಿದ ಸಂಗತಿ ಇದು: ಆ ದಿಕ್ಕಿನಲ್ಲಿ ಗೆಲಾಕ್ಸಿಗಳ ಒಂದು ಭಾರೀ ಗೋಡೆ ಇದೆ. ಕಡಿಮೆಯೆಂದರೂ 43 ಗೆಲಾಕ್ಸಿಗುಚ್ಛಗಳು ಅದರಲ್ಲಿ ಸೇರಿವೆ. ಈ ಕೊನೆಯಿಂದ ಆ ಕೊನೆಗೆ ಸುಮಾರು 60 ಕೋಟಿ ಜ್ಯೋತಿರ್ವರ್ಷ. ತೂಕ ಸೂರ್ಯನ ಲೆಕ್ಕದಲ್ಲಿ ಹೇಳುವುದಾದರೆ 2ರ ಮುಂದೆ ಹದಿನಾರು ಸೊನ್ನೆ. ಅದಕ್ಕೆ ಅವರಿಟ್ಟ ಹೆಸರು ಸರಸ್ವತಿ. ನಮಗೆ ತಿಳಿದ ಮಹಾಗುಚ್ಛಗಳಲ್ಲಿ ಅತಿ ದೊಡ್ಡವುಗಳ ಸಾಲಿಗೆ ಸೇರುವಂಥದು.

ಅದರ ದೂರದ ಲೆಕ್ಕವನ್ನು ನಾವೇ ಕಾಗದದ ಮೇಲೆ ಮಾಡಿ ನೋಡಬಹುದು. ಅಲ್ಲಿನ ಗೆಲಾಕ್ಸಿಗಳ ರೋಹಿತದಲ್ಲಿ ಗೆರೆಗಳು ನೂರಕ್ಕೆ 28ರಷ್ಟು ಹಿಗ್ಗಿವೆ. ಅಂದರೆ ಒಲೆಯ ಉರಿಯ 589ರ ಹಳದಿ ಸೋಡಿಯಂ ಗೆರೆ ನಮಗೆ ತಲಪುವಾಗ 754ಕ್ಕೆ ಬಂದು ಗಾಢ ಕೆಂಪಿನ ಅಂಚನ್ನು ಮುಟ್ಟಿರುತ್ತದೆ. ನೇರಿಳೆಯಲ್ಲಿದ್ದ ಕ್ಯಾಲ್ಸಿಯಂ ಜೋಡಿ 504 ಮತ್ತು 508ರ ಹತ್ತಿರ, ಹಸಿರಿನಲ್ಲಿ ಸಿಗುತ್ತದೆ. ಬೆಳಕಿನ ವೇಗದ ನೂರಕ್ಕೆ 28 ಎಂದರೆ ಸೆಕೆಂಡಿಗೆ 84,000 ಕಿಲೋಮೀಟರ್. 21½ರಿಂದ ಭಾಗಿಸಿದರೆ 3,900 ಚಿಲ್ಲರೆ. ಒಂದೊಂದೂ 10 ಲಕ್ಷ ಜ್ಯೋತಿರ್ವರ್ಷ, ಒಟ್ಟು 390 ಕೋಟಿ. ಇಷ್ಟು ದೂರಕ್ಕೆ ಈ ಸಾದಾ ಭಾಗಾಕಾರ ಸಾಲದು, ವಿಶ್ವ ಹಿಗ್ಗಿದ ವೇಗ ಕಾಲಕಾಲಕ್ಕೆ ಬದಲಾದದ್ದನ್ನೂ ಸೇರಿಸಬೇಕು. ಹಾಗೆ ಮಾಡಿದರೂ ಉತ್ತರ ಬಹಳ ಬದಲಾಗದು. ಪತ್ರಿಕೆಗಳಲ್ಲಿ 400 ಕೋಟಿ ಎಂದು ಬಂದದ್ದು ಇದೇ. ನಾವು ಕಾಣುವುದು ಇವತ್ತಿನ ಸರಸ್ವತಿಯನ್ನಲ್ಲ. 300 ಕೋಟಿಗೂ ಮೀರಿದ ವರ್ಷಗಳ ಹಿಂದೆ ಅಲ್ಲಿಂದ ಹೊರಟ ಕಾಗದ ಇದು. ಆಗ ಭೂಮಿಯಲ್ಲಿ ಸೂಕ್ಷ್ಮಜೀವಿಗಳನ್ನು ಬಿಟ್ಟರೆ ಓದುವವರಿರಲಿ, ಹುಲ್ಲೂ ಇರಲಿಲ್ಲ.

ಇಂಥ ಗೋಡೆಯೊಂದನ್ನು ಕಂಡುಹಿಡಿದು ಆಗಬೇಕಾದ್ದೇನು ಎಂದು ಕೇಳುವವರಿದ್ದಾರೆ. ಗುರುತ್ವ ಕಟ್ಟುತ್ತದೆ, ವಿಶ್ವದ ಹಿಗ್ಗುವಿಕೆ ಚದುರಿಸುತ್ತದೆ. ಈ ಎರಡರ ಜಗ್ಗಾಟದಲ್ಲಿ ಅಷ್ಟು ಹಿಂದೆಯೇ ಇಷ್ಟು ದೊಡ್ಡ ರಚನೆ ಹೇಗೆ ಕೂಡಿಕೊಂಡಿತು ಎಂಬುದು ಶೋಧಕರು ಎತ್ತಿದ ಪ್ರಶ್ನೆ. ಸರಸ್ವತಿಯ ನಡುಭಾಗ ತನ್ನ ಸೆಳೆತಕ್ಕೆ ತಾನೇ ಕುಗ್ಗಿ ಒಂದಾಗಬಹುದು ಎಂದು ಅವರ ಲೆಕ್ಕ. ಅಂಚಿನ ಗುಚ್ಛಗಳಿಗೆ ಅಂಥ ಭರವಸೆಯಿಲ್ಲ. ಚದುರಿಸುವ ಶಕ್ತಿಗೆ ಕಪ್ಪುಶಕ್ತಿ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟದ್ದು ಬಿಟ್ಟರೆ ಅದರ ಸ್ವರೂಪ ಯಾರಿಗೂ ತಿಳಿಯದು. ಅದು ಎಂದೆಂದಿಗೂ ಒಂದೇ ಸಮ ಎಂದು ಬಹುಮಂದಿ ನಂಬಿಕೊಂಡಿದ್ದರು. 2024 ಮತ್ತು 2025ರಲ್ಲಿ ಡೆಸಿಯವರು ತಮ್ಮ ನಕಾಶೆಯನ್ನು ಅಳೆದು, ಅದು ಕಾಲಕ್ರಮೇಣ ದುರ್ಬಲವಾಗುತ್ತಿರುವ ಸುಳಿವಿದೆ ಎಂದರು. ಸುಳಿವು ಎಂದರು, ಸಿದ್ಧಾಂತ ಎನ್ನಲಿಲ್ಲ. ನಿಜವಾದರೆ ವಿಶ್ವದ ಕೊನೆಯ ಬಗ್ಗೆ ಬರೆದ ಪುಸ್ತಕಗಳನ್ನು ತಿದ್ದಬೇಕಾಗುತ್ತದೆ.

ಮೀನರಾಶಿಯನ್ನು ನೋಡಬಯಸುವವರಿಗೆ ಒಂದು ಮಾತು. ನವೆಂಬರ್ 21ರ ಆಸುಪಾಸಿನಲ್ಲಿ, ಹಿಂಗಾರಿನ ಮೋಡ ಬಿಟ್ಟುಕೊಟ್ಟರೆ, ರಾತ್ರಿ ಎಂಟು ಗಂಟೆಗೆ ತುಂಬದ ಕಡಲತೀರದಲ್ಲಿ ಅಂಗಾತ ಮಲಗಿ. ನೆತ್ತಿಯ ಮೇಲೆ, ತುಸು ಉತ್ತರಕ್ಕೆ, ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ಪಂಚಾಂಗದವರ ಪೂರ್ವಾಭಾದ್ರ, ಉತ್ತರಾಭಾದ್ರ ಅದರಲ್ಲಿಯೇ ಇವೆ. ನೆತ್ತಿಯಿಂದ ಕೊಂಚ ದಕ್ಷಿಣಕ್ಕೆ ಸರಿದರೆ ಸರಸ್ವತಿಯ ದಿಕ್ಕು. ಬರಿಗಣ್ಣಿಗೆ ಅಲ್ಲಿ ಕತ್ತಲೆಯಲ್ಲದೆ ಏನೂ ಕಾಣದು. ಒಂಬತ್ತು ಗಂಟೆಯವರೆಗೆ ಕಾದರೆ ಉತ್ತರದ ಕಡೆ, ನೆತ್ತಿಗೂ ದಿಗಂತಕ್ಕೂ ನಡುವಿನಿಂದ ಸ್ವಲ್ಪ ಮೇಲೆ, ಒರೆಸಿದ ಸುಣ್ಣದಂತೆ ಆಂಡ್ರೊಮಿಡಾ ಸಿಗಬಹುದು. ಅದಕ್ಕೆ ಊರಿನ ದೀಪಗಳಿಂದ ದೂರವಿರಬೇಕು. 1963ರಲ್ಲಿ ಆ ಕಿತ್ತಳೆ ಮೋಡ ಹೊಳೆದ ಹೊತ್ತಿಗೆ ಸರಸ್ವತಿ ಪೂರ್ವದಲ್ಲಿ ಮುಕ್ಕಾಲು ಎತ್ತರಕ್ಕೆ ಏರಿತ್ತು. ಇನ್ನೂ ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ.